ಬಿಸಿನೀರು ನೋಡಲು ಹೊರಟವರಿಗೆ ಮೋಟಾರ್ ರಿಪೇರಿಯವನ ಒಂದು ಮಾತು

ಮೇ ಮುಗಿಯುತ್ತಾ ಬಂದರೆ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಲಡಾಖ್ ಶುರುವಾಗುತ್ತದೆ. ಮನಾಲಿ ರಸ್ತೆ ತೆರೆದಿದೆಯಾ, ಬುಲೆಟ್‌ಗೆ ಯಾವ ಟೈರ್ ಹಾಕಬೇಕು, ಖರ್ದುಂಗ್ ಲಾದಲ್ಲಿ ಉಸಿರು ಕಟ್ಟುತ್ತದಾ, ಇದೇ ಮಾತು. ಈ ವರ್ಷದ ಹೊಸ ಹುಚ್ಚು ಪನಾಮಿಕ್. ನುಬ್ರಾ ಕಣಿವೆಯ ಆ ಹಳ್ಳಿಯಲ್ಲಿ, ಹುಲ್ಲೂ ಹುಟ್ಟದ ಬೆಟ್ಟದ ಬುಡದಲ್ಲಿ ಕುದಿಯುವ ನೀರು ಹರಿಯುವ ವಿಡಿಯೋವನ್ನು ಯಾರೋ ಹಾಕಿದರು. ಗ್ರೂಪಿನಲ್ಲಿದ್ದ ಹುಡುಗರೆಲ್ಲ ಒಂದೇ ಸಲ ಕೈ ಎತ್ತಿದರು. ನನ್ನ ಉಮ್ಮ ಕೂಡ ವಾಯ್ಸ್ ಮೆಸೇಜ್ ಕಳಿಸಿದರು: "ಮೋನೆ, ಆ ನೀರಲ್ಲಿ ಕಾಲು ಇಟ್ಟು ಕೂತರೆ ಗಂಟುನೋವು ಹೋಗ್ತದಂತೆ, ಹೌದಾ?"

ಹೋಗುವವರು ಹೋಗಲಿ, ನನ್ನ ತಕರಾರು ಲಡಾಖ್ ಮೇಲೆ ಅಲ್ಲ. ಆದರೆ ಆ ಇಡೀ ಮಾತುಕತೆಯಲ್ಲಿ ಒಬ್ಬರಾದರೂ ಇರ್ದೆಯ ಹೆಸರು ಎತ್ತಲಿಲ್ಲ. ಪುತ್ತೂರಿನಿಂದ ಬೆಟ್ಟಂಪಾಡಿ, ಪಾಣಾಜೆ ಕಡೆ ಹೋಗುವ ದಾರಿಯಲ್ಲಿ, ಕಾಸರಗೋಡಿನ ಗಡಿಗೆ ಹತ್ತಿರದಲ್ಲಿ ಇರ್ದೆ ಇದೆ. ಅಲ್ಲಿ ಸೀರೆ ಹೊಳೆಯ ದಡದಲ್ಲಿ ಬೆಂದ್ರ್‌ತೀರ್ಥ ಎಂಬ ಬಿಸಿನೀರಿನ ಒರತೆ ಉಂಟು. ಗ್ರೂಪಿನಲ್ಲಿ ಕೈ ಎತ್ತಿದವರಲ್ಲಿ ಅರ್ಧ ಜನರ ಮನೆ ಆ ತಾಲೂಕಿನಲ್ಲೇ ಇದೆ. ನಾನು ಈ ಲೇಖನ ಬರೆಯುತ್ತಿರುವುದು ಅವರಿಗೆ. ಹೇಳಬೇಕಾದ್ದನ್ನು ಸುತ್ತಿಬಳಸದೆ ಮೊದಲೇ ಹೇಳುತ್ತೇನೆ: ಆ ಒರತೆಯ ಆಸುಪಾಸಿನಲ್ಲಿ ಅಡಿಕೆ ತೋಟ ಇರುವ ನಮ್ಮವರು, ಸರ್ಕಾರ ಹೇಳುವವರೆಗೆ ಕಾಯದೆ, ಹೊಸ ಬೋರ್‌ವೆಲ್ ಕೊರೆಸುವುದನ್ನು ನಿಲ್ಲಿಸಬೇಕು.

ಹೀಗೆ ಹೇಳಲು ನೀನು ಯಾರು ಎಂದು ಕೇಳಬಹುದು. ನಾನು ಇರುವುದು ಮಕ್ತಲ್‌ನಲ್ಲಿ, ತೆಲಂಗಾಣದ ನಾರಾಯಣಪೇಟೆ ಜಿಲ್ಲೆ. ನನ್ನ ಬಾಪ ಪುತ್ತೂರು ಬಿಟ್ಟು ಇಲ್ಲಿಗೆ ಬಂದು ಅಂಗಡಿ ಇಟ್ಟರು. ಕೃಷ್ಣಾ ನದಿ ದಾಟಿದರೆ ರಾಯಚೂರು. ಈ ಕಡೆ ಕೃಷ್ಣ ರೈಲ್ವೆ ಸ್ಟೇಷನ್ ಸುತ್ತಲಿನ ಹಳ್ಳಿಗಳಲ್ಲಿ ಈಗಲೂ ಕನ್ನಡ ಮಾತಾಡುತ್ತಾರೆ. ಹಾಗಾಗಿ ನನಗೆ ಹೊರಗೆ ತೆಲುಗು, ಗಿರಾಕಿಗಳ ಹತ್ತಿರ ಅರ್ಧ ಕನ್ನಡ, ಮನೆಯೊಳಗೆ ಬ್ಯಾರಿ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಮೇಲೆ ನಾನು ಹಿಡಿದ ಕೆಲಸ ಸಬ್‌ಮರ್ಸಿಬಲ್ ಮೋಟಾರ್ ಇಳಿಸುವುದು, ಎತ್ತುವುದು, ರಿಪೇರಿ ಮಾಡುವುದು. ನಾರಾಯಣಪೇಟೆಯಿಂದ ಗದ್ವಾಲ್‌ವರೆಗೆ ಎಲ್ಲ ಕಡೆಯೂ ಬೋರ್‌ವೆಲ್‌ಗಳ ಬಾಯಿ ಬಿಚ್ಚಿ ನೋಡಿದ್ದೇನೆ. ಬೋರ್‌ವೆಲ್ ನನ್ನ ಅನ್ನ. ಹೊಸ ಬೋರ್ ಹೊಡೆದಷ್ಟೂ ನನಗೆ ಕೆಲಸ. ಆದ್ದರಿಂದ ಬೇಡ ಎಂದು ನಾನು ಹೇಳಿದರೆ ಅದರಲ್ಲಿ ನನಗೆ ಲಾಭ ಇಲ್ಲ ಎಂಬುದಾದರೂ ಗೊತ್ತಿರಲಿ.

ಈ ಊರಿನಲ್ಲೂ ಒಮ್ಮೆ ಬಿಸಿನೀರಿನ ಬುಗ್ಗೆ "ಹುಟ್ಟಿತ್ತು", ಅದನ್ನು ಹೇಳಿಬಿಡುತ್ತೇನೆ. ಗದ್ವಾಲ್ ಕಡೆಯ ಒಂದು ಹಳ್ಳಿ. ಆ ಭಾಗದಲ್ಲಿ ಹತ್ತಿ ಬೀಜದ ಬೇಸಾಯ ಜಾಸ್ತಿ. ಒಬ್ಬ ರೈತರ ಬೋರ್‌ವೆಲ್‌ನಲ್ಲಿ ಇದ್ದಕ್ಕಿದ್ದಂತೆ ಬಿಸಿನೀರು ಬರತೊಡಗಿತು. ಬಿಸಿ ಎಂದರೆ ಮಧ್ಯಾಹ್ನ ಬಿಸಿಲಿಗೆ ಬಿದ್ದ ಪೈಪಿನ ನೀರಿನ ಬಿಸಿಯಲ್ಲ, ಬೆಳಗಿನ ಜಾವ ಐದು ಗಂಟೆಗೂ ಸ್ನಾನಕ್ಕೆ ಹದವಾದ ನೀರು. ಎರಡು ದಿನದಲ್ಲಿ ಸುದ್ದಿ ಹಬ್ಬಿ ತೆಂಗಿನಕಾಯಿ, ಊದುಬತ್ತಿ, ಬಾಟಲಿ ಹಿಡಿದ ಜನ ಸೇರಿದರು. ಮೂರನೇ ದಿನ ನೀರು ಬೆರಳಿನಷ್ಟು ಸಣ್ಣಗಾಯಿತು. ಆಗ ನನ್ನನ್ನು ಕರೆದರು. ಮೋಟಾರ್ ಎತ್ತಿದರೆ, ಪಂಪಿನಿಂದ ಸ್ವಲ್ಪ ಮೇಲೆ ಕಾಲಂ ಪೈಪಿನಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಪಂಪು ಎತ್ತಿದ ನೀರು ಆ ತೂತಿನಿಂದ ಮತ್ತೆ ಬೋರಿನೊಳಗೇ ಬೀಳುತ್ತಿತ್ತು, ಅದನ್ನೇ ಪಂಪು ಮತ್ತೆ ಎತ್ತುತ್ತಿತ್ತು. 5 ಎಚ್‌ಪಿ ಮೋಟಾರ್ ಎಂದರೆ ಹತ್ತಿರ ಹತ್ತಿರ 3.7 ಕಿಲೋವಾಟ್, ಮನೆಯಲ್ಲಿ ಬಕೆಟ್‌ಗೆ ಹಾಕುವ ಇಮ್ಮರ್ಶನ್ ಹೀಟರ್ ಎರಡೂವರೆ ಲೆಕ್ಕ. ಅಷ್ಟು ಶಕ್ತಿ ಸುತ್ತಿದ ನೀರನ್ನೇ ಸುತ್ತಿಸುತ್ತಿದ್ದರೆ ಅದು ಬಿಸಿಯಾಗದೆ ಇನ್ನೇನು ಆಗುತ್ತದೆ? ಪೈಪು ಬದಲಿಸಿದೆ, ನೀರು ತಣ್ಣಗಾಯಿತು, ಜನ ಹೋದರು. ಬಾಟಲಿ ತುಂಬಿಸಿಕೊಂಡು ಹೋಗಿದ್ದ ಒಬ್ಬ ಅಜ್ಜಿ ಮಾತ್ರ ನನ್ನ ಮೇಲೆ ಸಿಟ್ಟು ಮಾಡಿಕೊಂಡರು.

ನಿಜವಾದ ಬಿಸಿನೀರಿನ ಬುಗ್ಗೆಗೆ ಮೋಟಾರ್ ಬೇಡ. ಅದರ ಹೀಟರ್ ಭೂಮಿ. ಕೆಳಗೆ ಇಳಿದಂತೆ ನೆಲದ ಬಿಸಿ ಏರುತ್ತದೆ, ಸಾಮಾನ್ಯ ಲೆಕ್ಕಕ್ಕೆ ಒಂದು ಕಿಲೋಮೀಟರಿಗೆ 25ರಿಂದ 30 ಡಿಗ್ರಿ. ಮಳೆನೀರು ಬಂಡೆಯ ಬಿರುಕು ಹಿಡಿದು ಆಳಕ್ಕೆ ಇಳಿಯುತ್ತದೆ, ಅಲ್ಲಿ ಕಾಯುತ್ತದೆ, ಮತ್ತೊಂದು ಬಿರುಕು ಸಿಕ್ಕಿದಲ್ಲಿ ಒತ್ತಡದಿಂದ ಮೇಲೆ ಬರುತ್ತದೆ. ಮೇಲೆ ಬರುವಾಗ ದಾರಿಯಲ್ಲಿ ತಣ್ಣೀರಿನ ಜತೆ ಹೆಚ್ಚು ಬೆರೆಯಬಾರದು, ನಿಧಾನವಾಗಿ ಬಂದು ಆರಿಹೋಗಬಾರದು. ಇಷ್ಟೆಲ್ಲ ಕೂಡಿಬಂದರೆ ಒಂದು ಬುಗ್ಗೆ. ಭಾರತದಲ್ಲಿ ಇಂಥವು 300ಕ್ಕೂ ಹೆಚ್ಚಿವೆ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಪಟ್ಟಿ ಮಾಡಿದೆ. ಹಿಮಾಚಲದ ಮಣಿಕರಣ್, ಮುಂಬೈ ಹತ್ತಿರದ ವಜ್ರೇಶ್ವರಿ, ಬಂಗಾಳದ ಬಕ್ರೇಶ್ವರ ಎಲ್ಲ ಆ ಪಟ್ಟಿಯವೇ.

ಇವುಗಳಲ್ಲಿ ರಾಜ ಎಂದರೆ ಲಡಾಖಿನ ಪೂಗಾ. ಸುಮಾರು 4,400 ಮೀಟರ್ ಎತ್ತರದ ಒಣ ಕಣಿವೆ. ಆ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 85 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ನೆಲದಲ್ಲಿ ಕೆಸರು ಗುಳುಗುಳು ಎನ್ನುತ್ತದೆ, ಗಂಧಕದ ಹಳದಿ, ಬೋರಾಕ್ಸಿನ ಬಿಳಿ ಪದರ ಕಾಣುತ್ತದೆ. ಅಲ್ಲಿ ಭೂಶಾಖದಿಂದ ಕರೆಂಟ್ ತೆಗೆಯಲು 2021ರ ಫೆಬ್ರವರಿಯಲ್ಲಿ ಒಎನ್‌ಜಿಸಿ, ಲಡಾಖ್ ಆಡಳಿತ ಮತ್ತು ಲೇಹ್ ಹಿಲ್ ಕೌನ್ಸಿಲ್ ಒಪ್ಪಂದ ಮಾಡಿಕೊಂಡವು, ಮೊದಲ ಹಂತದ ಗುರಿ 1 ಮೆಗಾವಾಟ್. ಸಿಂಧೂ ನದಿಯ ದಡದಲ್ಲೇ ಚುಮಥಂಗ್ ಎಂಬ ಇನ್ನೊಂದು ಬುಗ್ಗೆ. ಹುಡುಗರು ಹೊರಟಿರುವ ಪನಾಮಿಕ್ ಇವೆರಡಕ್ಕಿಂತ ತಗ್ಗಿನಲ್ಲಿದೆ, 3,200 ಮೀಟರ್ ಆಸುಪಾಸು.

ಪನಾಮಿಕ್‌ಗೆ ನಾನೂ ಹೋಗಿ ಬಂದಿದ್ದೇನೆ, ಹೋದದ್ದಕ್ಕೆ ಬೇಸರವಿಲ್ಲ. ಬೆಟ್ಟದಿಂದ ನೀರು ಇಳಿದ ಜಾಗದಲ್ಲಿ ಕಲ್ಲುಗಳೆಲ್ಲ ಕೆಂಪು, ಹಳದಿ ಬಣ್ಣ ಹಿಡಿದಿವೆ. ನೀರು ಹೊರಡುವಲ್ಲಿ ಕೈ ಇಡಲಾಗದು. ಕೆಳಗೆ ಸ್ನಾನಕ್ಕೆ ಕೋಣೆ ಕಟ್ಟಿ, ನೀರು ಆರಿಸಿ ಬಿಡುತ್ತಾರೆ. ನಾವು ಉಳಿದ ಮನೆಯ ಯಜಮಾನಿ ನಮಗೆ ಹೇಳಿದ ಮಾತು ಒಂದೇ: ಹತ್ತು ನಿಮಿಷ ಸಾಕು, ಮೇಲೆ ಬನ್ನಿ, ನೀರು ಕುಡಿಯಿರಿ. ನಮ್ಮ ಜತೆಗಿದ್ದವನೊಬ್ಬ ಅರ್ಧ ಗಂಟೆ ಕೂತು, ಎದ್ದು ನಿಂತಾಗ ತಲೆ ತಿರುಗಿ ಗೋಡೆ ಹಿಡಿದ. ಎತ್ತರದ ಜಾಗದಲ್ಲಿ ಮೊದಲೇ ಮೈ ಒಣಗಿರುತ್ತದೆ, ಬಿಸಿನೀರಲ್ಲಿ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ. ಹೋಗುವ ಹುಡುಗರು ಇದನ್ನು ನೆನಪಿಡಿ. ಲೇಹ್ ಊರೇ 3,500 ಮೀಟರ್ ಮೇಲಿದೆ. ವಿಮಾನದಲ್ಲಿ ಇಳಿದವರು ಮೊದಲ ಎರಡು ದಿನ ಸುಮ್ಮನೆ ಮಲಗಿ, ಅದರ ಮೇಲೆ ಖರ್ದುಂಗ್ ಲಾ ಹತ್ತುವ ಮಾತು.

ಪನಾಮಿಕ್‌ನ ಜನ ಆ ನೀರನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದು ನನಗೆ ಬುಗ್ಗೆಗಿಂತ ಹೆಚ್ಚು ಹಿಡಿಸಿತು. ನೀರು ಹೊರಡುವ ಜಾಗಕ್ಕೆ ಯಾರೂ ಸೋಪು ಹಿಡಿದು ಹೋಗುವುದಿಲ್ಲ. ಅಲ್ಲಿಂದ ಮನೆಗೆ ಬಂದ ಮೇಲೆ ಬೆಂದ್ರ್‌ತೀರ್ಥ ನೋಡಬೇಕು ಅನ್ನಿಸಿತು. ಮುಂದಿನ ಸಲ ಊರಿಗೆ ಹೋದಾಗ ಮಾಮನ ಮನೆಯಿಂದ ಸ್ಕೂಟರ್ ತೆಗೆದುಕೊಂಡು ಹೋದೆ.

ಬೆಂದ್ರ್ ಅಂದರೆ ತುಳುವಿನಲ್ಲಿ ಬಿಸಿನೀರು, ಬೇರೆ ಅರ್ಥವಿಲ್ಲ. ಹೊಳೆ ಬದಿಯಲ್ಲಿ ಕಲ್ಲು ಕಟ್ಟಿದ ಕೆರೆ, ಸುತ್ತ ಅಡಿಕೆ, ತೆಂಗು, ಕಾಡು. ನೀರಿಗೆ ಮೊಟ್ಟೆ ಬೆಂದಂಥ ಗಂಧಕದ ವಾಸನೆ. ಪೂಗಾದ ಕುದಿಯುವ ಕೆಸರು ನೆನೆಸಿಕೊಂಡು ಹೋದವರಿಗೆ ಇದು ಏನೂ ಅಲ್ಲ ಅನ್ನಿಸಬಹುದು. ಮೈಯ ಬಿಸಿಯ ಸುತ್ತಮುತ್ತ, 37 ಡಿಗ್ರಿ ಆಸುಪಾಸಿನ ಬಿಸಿಗೆ ಹೆಸರಾದ ನೀರು ಇದು. ಚರ್ಮದ ಕಾಯಿಲೆಗೆ ಒಳ್ಳೆಯದೆಂದು ಜನ ಹಿಂದಿನಿಂದಲೂ ಬಂದು ಮುಳುಗುತ್ತಾರೆ. ದಕ್ಷಿಣ ಭಾರತದಲ್ಲೇ ಇದೊಂದು ಬಿಸಿನೀರಿನ ಬುಗ್ಗೆ ಎಂದು ಹೇಳುವುದುಂಟು. ತೆಲಂಗಾಣದಲ್ಲಿ ಇರುವವನಾಗಿ ಆ ಮಾತನ್ನು ಒಪ್ಪಲಾರೆ. ಇಲ್ಲಿ ಗೋದಾವರಿ ಕಣಿವೆಯ ಮಣುಗೂರು ಕಡೆ ಬಿಸಿನೀರು ಉಂಟು. ಅಲ್ಲಿನ ಪಗಿಡೇರುವಿನಲ್ಲಿ ಸಿಂಗರೇಣಿ ಕಲ್ಲಿದ್ದಲು ಕಂಪನಿ ಆ ನೀರಿನಿಂದ ಕರೆಂಟ್ ತೆಗೆಯುವ 20 ಕಿಲೋವಾಟ್‌ನ ಪ್ರಯೋಗದ ಘಟಕವನ್ನೂ ಕಟ್ಟಿದೆ. 20 ಕಿಲೋವಾಟ್ ಎಂದರೆ 5 ಎಚ್‌ಪಿಯ ಐದು ಮೋಟಾರ್ ಓಡುವಷ್ಟು, ದೊಡ್ಡದೇನಲ್ಲ. ಆದರೂ ನಮ್ಮ ಕರಾವಳಿ ಕರ್ನಾಟಕದಲ್ಲಿ ಇರ್ದೆ ಇದೆ ಎಂಬ ಹೆಮ್ಮೆ ಸಾಕು, ಇಡೀ ದಕ್ಷಿಣ ಭಾರತ ಬೇಕಾಗಿಲ್ಲ.

ಆ ದಿನ ಕೆರೆಗೆ ಕೈ ಹಾಕಿದೆ. ನನಗೆ ಸಿಕ್ಕಿದ್ದು ಉಗುರುಬೆಚ್ಚಗೆ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಹೇಳಿದ್ದು, ಮೊದಲಿನ ಬಿಸಿ ಈಗಿಲ್ಲ, ಬೇಸಿಗೆಯಲ್ಲಿ ನೀರೂ ಇಳಿಯುತ್ತದೆ, ಸುತ್ತ ಬೋರ್ ಜಾಸ್ತಿ ಆಯಿತಲ್ಲ ಎಂದು. ಪುತ್ತೂರು ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುವ ಮಾತು ಅದೇ. ಬೇರೆ ಯಾರಾದರೂ ಹೇಳಿದ್ದರೆ ಹಳಬರ ಗೊಣಗಾಟ ಎಂದು ಬಿಟ್ಟುಬಿಡುತ್ತಿದ್ದೆನೋ ಏನೋ. ಆದರೆ ಮೋಟಾರ್ ಕೆಲಸದವನಿಗೆ ಆ ಮಾತಿನ ಹಿಂದಿನ ಲೆಕ್ಕ ಕಾಣುತ್ತದೆ.

ಲೆಕ್ಕ ಹೀಗೆ. ನಮ್ಮ ಕಡೆ ಮಾಮೂಲಿ ಬಾವಿಯ ನೀರು 27 ಡಿಗ್ರಿ ಎಂದಿಟ್ಟುಕೊಳ್ಳಿ. ಅದು 37ಕ್ಕೆ ಏರಬೇಕಾದರೆ 10 ಡಿಗ್ರಿ ಬೇಕು. ಕಿಲೋಮೀಟರಿಗೆ 25ರಿಂದ 30 ಡಿಗ್ರಿಯಾದರೆ ಕಡಿಮೆ ಎಂದರೂ 330ರಿಂದ 400 ಮೀಟರ್ ಇಳಿದು ಬರಬೇಕು. ಅಡಿಯಲ್ಲಿ 1,100ರಿಂದ 1,300. ಬರುವಾಗ ಆರುವ ಬಿಸಿಯನ್ನು ಸೇರಿಸಿದರೆ ಇನ್ನೂ ಆಳ. ಈಗ ನಮ್ಮ ತೋಟದ ಬೋರ್‌ವೆಲ್ ಎಷ್ಟು ಆಳಕ್ಕೆ ಹೋಗುತ್ತದೆ ಎಂದು ನೀವೇ ಹೇಳಿ. 300 ಅಡಿಗೆ ನೀರು ಸಿಕ್ಕಿ ಸಂತೋಷಪಟ್ಟ ಕಾಲ ಹೋಯಿತು, ಈಗ 600, 700 ಎಂದರೂ ಯಾರೂ ಹುಬ್ಬು ಏರಿಸುವುದಿಲ್ಲ. ಬಿಸಿನೀರು ಮೇಲೆ ಬರುವ ಬಿರುಕಿನ ಅರ್ಧ ದಾರಿಗೆ ನಮ್ಮ ರಿಗ್ ತಲುಪಿ ಆಗಿದೆ ಎಂದು ಅರ್ಥ. ಆ ಬಿರುಕಿಗೇ ನೇರವಾಗಿ ತೂತು ಬೀಳಬೇಕೆಂದೂ ಇಲ್ಲ. ಅದಕ್ಕೆ ಸೇರಿದ ಇನ್ನೊಂದು ಬಿರುಕಿನಿಂದ ದಿನಕ್ಕೆ ಎಂಟು ಗಂಟೆ ನೀರು ಎಳೆದರೆ ಸಾಕು. ಕೆಳಗಿನಿಂದ ತಳ್ಳುವ ಒತ್ತಡ ಇಳಿಯುತ್ತದೆ, ಬಿಸಿನೀರು ನಿಧಾನವಾಗುತ್ತದೆ, ನಿಧಾನವಾದರೆ ದಾರಿಯಲ್ಲೇ ಆರುತ್ತದೆ, ಪಕ್ಕದ ತಣ್ಣೀರು ನುಗ್ಗಿ ಬೆರೆಯುತ್ತದೆ. ಬುಗ್ಗೆ ಒಂದೇ ದಿನ ಬತ್ತುವುದಿಲ್ಲ. ಬಿಸಿ ಹೋಗಿ ಬೆಚ್ಚಗೆ, ಬೆಚ್ಚಗೆ ಹೋಗಿ ತಣ್ಣಗೆ, ಆಮೇಲೆ ಬೇಸಿಗೆಯಲ್ಲಿ ಪಾಚಿ.

ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನೋಡಬೇಕಾದರೆ ಮಕ್ತಲ್‌ಗೆ ಬನ್ನಿ. ಇಲ್ಲಿ ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ದಕ್ಷಿಣ ಕನ್ನಡದಲ್ಲಿ ಬೀಳುವುದು ಸುಮಾರು 4,000. ಇಲ್ಲಿನ ನೆಲ ಕಗ್ಗಲ್ಲು, ಮೇಲಿನ ಪುಡಿಮಣ್ಣಿನ ಪದರ ದಾಟಿದರೆ ನೀರು ಸಿಗುವುದು ಬಿರುಕಿನಲ್ಲಿ ಮಾತ್ರ. ಒಬ್ಬರ ಬೋರ್ 400ಕ್ಕೆ ಹೋದರೆ ಪಕ್ಕದವರದು 600ಕ್ಕೆ, ಅದನ್ನು ನೋಡಿ ಮೊದಲಿನವರದು 800ಕ್ಕೆ. ಬೋರ್ ಹೊಡೆಸಿ ಹೊಡೆಸಿ ಸಾಲ ಮಾಡಿ, ಕೊನೆಗೆ ಬಾಗಿಲಿಗೆ ಬೀಗ ಹಾಕಿ ಹೈದರಾಬಾದು, ಮುಂಬೈ ಎಂದು ಕೂಲಿಗೆ ಹೋದ ಮನೆಗಳ ಮೋಟಾರನ್ನು ನಾನೇ ಎತ್ತಿದ್ದೇನೆ, ಹಳೆ ಸಾಮಾನಿನ ಬೆಲೆಗೆ ಮಾರಿಸಿಯೂ ಕೊಟ್ಟಿದ್ದೇನೆ. ಪಾಲಮೂರಿನ ಕೂಲಿಗಳು ಎಂದರೆ ದೇಶದ ಎಷ್ಟೋ ಅಣೆಕಟ್ಟು, ಕಾಲುವೆ ತೋಡಿದ ಕೈಗಳು, ಅವರ ಊರು ಇದು. ಜುರಾಲಾ ಅಣೆಕಟ್ಟು ಪಕ್ಕದಲ್ಲೇ ಇದ್ದರೂ ಕಾಲುವೆ ನೀರು ಎಲ್ಲರ ಹೊಲಕ್ಕೂ ಬರುವುದಿಲ್ಲ. 2018ರ ಜನವರಿ 1ರಿಂದ ಕೃಷಿಗೆ 24 ಗಂಟೆ ಉಚಿತ ಕರೆಂಟ್ ಬಂತು, ರೈತರಿಗೆ ಅದು ದೊಡ್ಡ ಆಸರೆ, ಅದನ್ನು ನಾನು ಹಳಿಯುವುದಿಲ್ಲ. ಆದರೆ ಆಟೋ ಸ್ಟಾರ್ಟರ್ ಹಾಕಿ ಮಲಗಿದವರ ಬೋರ್ ರಾತ್ರಿಯೆಲ್ಲ ಎಳೆಯುತ್ತದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ ಇಲ್ಲ, ಹಾಗಾಗಿ ಅಲ್ಲಿನ ಕಥೆ ಬೇರೆ ಎಂದು ಹೇಳಲಾಗದು.

ಕಾನೂನು ಇಲ್ಲವಾ ಎಂದರೆ ಉಂಟು. ಇಲ್ಲಿ ವಾಲ್ಟಾ ಎಂದು ಕರೆಯುವ 2002ರ ಕಾಯ್ದೆ ಇದೆ: ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 250 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡುವಂತಿಲ್ಲ. ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ. ರಿಗ್ ಲಾರಿ ಬರುವುದು ರಾತ್ರಿ, ಅನುಮತಿ ಕೇಳುವವರು ಬರುವುದು ಹಗಲು. ಇಬ್ಬರಿಗೂ ಭೇಟಿ ಆಗುವುದೇ ಇಲ್ಲ. ಅದಕ್ಕೇ ನಾನು ಸರ್ಕಾರವನ್ನು ಬಿಟ್ಟು ನಮ್ಮವರನ್ನು ಕೇಳುತ್ತಿದ್ದೇನೆ.

ನಮ್ಮವರನ್ನು ಕೇಳಿದಾಗ ಸಿಕ್ಕ ಉತ್ತರಗಳಲ್ಲಿ ಒಂದನ್ನು ಇಲ್ಲಿ ಎತ್ತಲೇಬೇಕು. ನಮ್ಮ ಸಂಬಂಧದ ಒಬ್ಬ ಕಾಕ ಹೇಳಿದರು, "ಅದು ತೀರ್ಥ ಮಾರಾಯ, ಅವರ ಜಾಗ. ನಾವು ಬಾಯಿ ಹಾಕಿದರೆ ನಾಳೆ ಫೇಸ್‌ಬುಕ್ಕಿನಲ್ಲಿ ಎಂಥ ಆಗ್ತದೆ ಗೊತ್ತುಂಟಾ?" ಕಾಕನ ಹೆದರಿಕೆ ಸುಳ್ಳಲ್ಲ. ನಮ್ಮ ಜಿಲ್ಲೆಯಲ್ಲಿ ಹತ್ತು ಹದಿನೈದು ವರ್ಷದಲ್ಲಿ ಎಷ್ಟು ಸಣ್ಣ ವಿಷಯಕ್ಕೆ ಎಷ್ಟು ದೊಡ್ಡ ಗಲಾಟೆ ಆಗಿದೆ ಎಂದು ಎಲ್ಲರಿಗೂ ಗೊತ್ತು. ಆದರೆ ನಾನು ಕೇಳುತ್ತಿರುವುದು ತೀರ್ಥದ ವಿಷಯದಲ್ಲಿ ಬಾಯಿ ಹಾಕಿ ಎಂದಲ್ಲ. ನಮ್ಮ ತೋಟದ ವಿಷಯದಲ್ಲಿ ನಾವು ಬಾಯಿ ಬಿಡಿ ಎಂದು. ಕೆರೆ ಯಾರದ್ದಾದರೂ ಆಗಲಿ, ಅದಕ್ಕೆ ಬರುವ ನೀರು ಕಾಕನ ತೋಟದ ಅಡಿಯಿಂದಲೂ ಬರುತ್ತಿರಬಹುದು, ಪಕ್ಕದ ಭಟ್ಟರ ತೋಟದ ಅಡಿಯಿಂದಲೂ, ಆಚೆಯ ಗೌಡರ, ರೈಗಳ ತೋಟದ ಅಡಿಯಿಂದಲೂ. ಅಲ್ಲಿ ಬೇಲಿ ಇಲ್ಲ. "ನಮ್ಮ ಮನೆಯಲ್ಲಿ ಹೊಸ ಬೋರ್ ಬೇಡ ಎಂದು ತೀರ್ಮಾನ ಮಾಡಿದ್ದೇವೆ" ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಒಬ್ಬ ಬ್ಯಾರಿ ಹೇಳಿದರೆ ಅದರ ಮೇಲೆ ಯಾರು ಗಲಾಟೆ ಮಾಡುತ್ತಾರೆ? ಮಾಡಿದರೆ ಮಾಡಲಿ, ಅಂಥ ಗಲಾಟೆಯನ್ನು ನೋಡಬೇಕೆಂದು ನನಗೂ ಆಸೆ ಉಂಟು. ಹರಿಯುವ ಹೊಳೆಯ ಬದಿ ಕೂತು ವುಳೂ ಮಾಡಿದರೂ ನೀರು ಪೋಲು ಮಾಡಬಾರದು ಎಂದು ಮದರಸದಲ್ಲಿ ಕಲಿತು ಬಂದವರು ನಾವು. ತೋಟದಲ್ಲಿ ಸ್ಪ್ರಿಂಕ್ಲರ್ ಬಿಟ್ಟು ಮಧ್ಯಾಹ್ನದ ನಿದ್ದೆ ಮಾಡುವುದು ಆ ಪಾಠದ ಯಾವ ಪುಟದಲ್ಲಿದೆ?

ಹಾಗಾದರೆ ಅಡಿಕೆ ಒಣಗಲಿ ಎನ್ನುತ್ತೀಯಾ ಎಂದು ಮಾಮ ಕೇಳಿದರು. ನ್ಯಾಯವಾದ ಪ್ರಶ್ನೆ. ಅಡಿಕೆಗೆ ಡಿಸೆಂಬರಿನಿಂದ ಮೇವರೆಗೆ ನೀರು ಬೇಕು, ಒಂದು ಬೇಸಿಗೆ ಸೋತರೆ ಮರ ಚೇತರಿಸಲು ವರ್ಷಗಳು ಬೇಕು, ಮಗಳ ಮದುವೆಯ ಲೆಕ್ಕವೆಲ್ಲ ಆ ಮರದಲ್ಲೇ ಇರುತ್ತದೆ. ಆದರೆ 600 ಮಿಲಿಮೀಟರ್ ಮಳೆಯ ಊರಿನಿಂದ ನೋಡಿದರೆ 4,000 ಮಿಲಿಮೀಟರ್ ಮಳೆಯ ಊರು ನೀರಿಲ್ಲ ಎಂದು ಅಳುವುದು ವಿಚಿತ್ರವಾಗಿ ಕಾಣುತ್ತದೆ. ದಾರಿ ಹುಡುಕಲು ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಏತಡ್ಕದಲ್ಲಿ ತೋಡಿಗೆ ಉದ್ದಕ್ಕೂ ಒಂದರ ಹಿಂದೆ ಒಂದು ಕಟ್ಟ ಹಾಕುತ್ತಾರೆ. ಮಳೆ ನಿಂತ ಮೇಲೆ ಕಲ್ಲು, ಮಣ್ಣು, ಈಗ ಪ್ಲಾಸ್ಟಿಕ್ ಶೀಟ್ ಇಟ್ಟು ಕಟ್ಟುವ ತಾತ್ಕಾಲಿಕ ಒಡ್ಡು ಅದು. ನೀರು ತಿಂಗಳುಗಟ್ಟಲೆ ನಿಂತು ಇಂಗುತ್ತದೆ, ಸುತ್ತಲಿನ ಬಾವಿಗಳು ಏರುತ್ತವೆ. ಒಂದು ತೋಟದವರು ಮಾತ್ರ ಕಟ್ಟಿದರೆ ಉಪಯೋಗ ಕಡಿಮೆ, ಸಾಲಾಗಿ ಎಲ್ಲರೂ ಕಟ್ಟಬೇಕು, ಆದ್ದರಿಂದ ಜಾತಿ ನೋಡಿ ಕಟ್ಟುವ ಹಾಗಿಲ್ಲ. ಪತ್ರಕರ್ತ ಶ್ರೀ ಪಡ್ರೆಯವರು ಈ ಕಟ್ಟಗಳ ಬಗ್ಗೆ ವರ್ಷಗಟ್ಟಲೆ ಬರೆದಿದ್ದಾರೆ. ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ತೋಡುವ ಸುರಂಗ ಇನ್ನೊಂದು ದಾರಿ. ಕರೆಂಟ್ ಬೇಡ, ಮೋಟಾರ್ ಬೇಡ, ನೀರು ತಾನಾಗಿ ಇಳಿದು ಬರುತ್ತದೆ. ಅಡ್ಯನಡ್ಕ ಹತ್ತಿರದ ಅಮೈ ಮಹಾಲಿಂಗ ನಾಯ್ಕರು ಕೂಲಿ ಮಾಡಿಕೊಂಡೇ, ಒಬ್ಬರೇ ಸುರಂಗಗಳನ್ನು ಕೊರೆದು ಬೋಳು ಗುಡ್ಡದಲ್ಲಿ ಅಡಿಕೆ ಬೆಳೆದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಕೆಲವು ಸುರಂಗಗಳಲ್ಲಿ ನೀರು ಸಿಕ್ಕಲಿಲ್ಲ, ಆದರೂ ಬಿಡಲಿಲ್ಲ ಎಂಬ ಭಾಗ ನನಗೆ ಪ್ರಶಸ್ತಿಗಿಂತ ಮುಖ್ಯ. ಸ್ಪ್ರಿಂಕ್ಲರ್ ತೆಗೆದು ಡ್ರಿಪ್ ಹಾಕುವುದಂತೂ ಎಲ್ಲರಿಗೂ ಗೊತ್ತಿರುವ ಮಾತು, ಗೊತ್ತಿದ್ದೂ ಮುಂದಕ್ಕೆ ಹಾಕುವ ಮಾತು.

ಇರ್ದೆಯಲ್ಲಿ ಎಷ್ಟು ದೂರದವರೆಗೆ ಬೋರ್ ಬೇಡ? ವಾಲ್ಟಾದ 250 ಮೀಟರ್ ಒಂದು ಆರಂಭ. ನನ್ನ ಪ್ರಕಾರ ಅಷ್ಟು ಸಾಲದು, ಯಾಕೆಂದರೆ ಬಿರುಕು ಟೇಪ್ ಹಿಡಿದು ಓಡುವುದಿಲ್ಲ. ಒಂದು ದಿಕ್ಕಿನಲ್ಲಿ ನೂರು ಮೀಟರ್ ದೂರದ ಬೋರ್ ಏನೂ ಮಾಡದಿರಬಹುದು, ಇನ್ನೊಂದು ದಿಕ್ಕಿನಲ್ಲಿ ಒಂದು ಕಿಲೋಮೀಟರ್ ದೂರದ್ದು ಒತ್ತಡ ಇಳಿಸಬಹುದು. ಇದನ್ನು ಕಂಡುಹಿಡಿಯುವುದು ಭೂವಿಜ್ಞಾನಿಗಳ ಕೆಲಸ. ಆದರೆ ಅವರು ಬಂದಾಗ ಮೊದಲು ಕೇಳುವುದು ಅಳತೆ ಎಲ್ಲಿ ಎಂದು. ಅದನ್ನು ಊರವರು ಇವತ್ತೇ ಶುರು ಮಾಡಬಹುದು. ಐನೂರು ರೂಪಾಯಿಯೊಳಗೆ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದೆ. ತಿಂಗಳಿಗೆ ಎರಡು ದಿನ, ಬೆಳಿಗ್ಗೆ ಬಿಸಿಲು ಬೀಳುವ ಮುಂಚೆ, ಒರತೆ ಹೊರಡುವ ಒಂದೇ ಜಾಗದಲ್ಲಿ ನೀರಿನ ಬಿಸಿ ನೋಡಿ ಬರೆದಿಡುವುದು. ಕೆರೆಯ ಮೆಟ್ಟಿಲಲ್ಲಿ ನೀರು ಎಷ್ಟನೇ ಮೆಟ್ಟಿಲಿಗಿದೆ ಎಂದೂ ಬರೆಯುವುದು. ಆ ದಿನ ಸುತ್ತಲಿನ ಯಾವ ಯಾವ ಬೋರ್ ಓಡುತ್ತಿತ್ತು ಎಂದು ಬರೆದರೆ ಇನ್ನೂ ಒಳ್ಳೆಯದು. ಶಾಲೆಯ ಮಕ್ಕಳೂ ಮಾಡಬಹುದಾದ ಕೆಲಸ. ಎರಡು ವರ್ಷದ ಪುಸ್ತಕ ಕೈಯಲ್ಲಿದ್ದರೆ ಪಂಚಾಯತ್‌ನಲ್ಲಿ ಮಾತಿನ ತೂಕವೇ ಬೇರೆ.

ಇರ್ದೆಗೆ ಹೋಗುವ ಮನೆಯವರಿಗೆ ಎರಡು ಮಾತು ಹೇಳಬೇಕು. ಹೆಂಗಸರಿಗೆ ಬಟ್ಟೆ ಬದಲಿಸಲು ಒಳ್ಳೆಯ ಕೋಣೆ ಬೇಕು ಎಂದು ಕೇಳುವ ಹಕ್ಕು ಎಲ್ಲ ಮನೆಯವರಿಗೂ ಉಂಟು, ಕೇಳಿ. ಆದರೆ ರೆಸಾರ್ಟ್ ಬೇಕು ಎಂದು ಕೇಳಬೇಡಿ, ರೆಸಾರ್ಟ್ ಬಂದರೆ ಅದರ ಹಿಂದೆಯೇ ಅದರ ಬೋರ್‌ವೆಲ್ ಬರುತ್ತದೆ. ಎರಡನೆಯದು ಮೂಗಿನ ವಿಷಯ. ಬೆಚ್ಚಗಿನ, ನಿಂತ ಸಿಹಿನೀರಿನಲ್ಲಿ ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಬದುಕುತ್ತದೆ, 46 ಡಿಗ್ರಿವರೆಗೂ ಅದಕ್ಕೆ ಹಿತ. 2024, 2025ರಲ್ಲಿ ಪಕ್ಕದ ಕೇರಳದಲ್ಲಿ ಅಮೀಬಾದ ಮೆದುಳು ಜ್ವರದ ಸುದ್ದಿ ಎಲ್ಲರೂ ಓದಿದ್ದೀರಿ. ನೇಗ್ಲೇರಿಯಾ ನೀರು ಕುಡಿದರೆ ಬರುವುದಲ್ಲ, ಮೂಗಿನಿಂದ ಮೇಲೆ ಏರುವಂಥದ್ದು. ತುಂಬ ಅಪರೂಪ, ಆದರೆ ಬಂದರೆ ಉಳಿದವರು ಕಡಿಮೆ. ನಮಗೆ ವುಳೂ ಮಾಡುವಾಗ ಮೂಗಿಗೆ ನೀರು ಏರಿಸುವ ಅಭ್ಯಾಸ. ಕರಾಚಿಯಲ್ಲಿ ಕ್ಲೋರಿನ್ ಇಲ್ಲದ ನೀರಿನಲ್ಲಿ ವುಳೂ ಮಾಡಿದವರಿಗೂ ಈ ಕಾಯಿಲೆ ಬಂದದ್ದು ದಾಖಲಾಗಿದೆ. ಯಾವ ಊರಿನ ಬಿಸಿನೀರಿನ ಕೆರೆಯೇ ಆಗಲಿ, ವುಳೂ ಬೇರೆ ಶುದ್ಧ ನೀರಿನಲ್ಲಿ ಮಾಡಿ, ಮಕ್ಕಳು ಡೈವ್ ಹೊಡೆಯದ ಹಾಗೆ ನೋಡಿಕೊಳ್ಳಿ, ತಲೆ ಮುಳುಗಿಸಬೇಡಿ. ಸೋಪು, ಶಾಂಪೂ ಮನೆಯಲ್ಲೇ ಇರಲಿ.

ಉಮ್ಮನ ಗಂಟುನೋವಿನ ಪ್ರಶ್ನೆಗೆ ಉತ್ತರ ಕೊಟ್ಟಿದ್ದೇನೆ. ಬೆಚ್ಚಗಿನ ನೀರಿನಲ್ಲಿ ಕಾಲು ಇಟ್ಟರೆ ನೋವು ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ಅದು ಪನಾಮಿಕ್‌ನಲ್ಲೂ ಆಗುತ್ತದೆ, ನಮ್ಮ ಬಚ್ಚಲಿನ ಹಂಡೆಯಲ್ಲೂ ಆಗುತ್ತದೆ. ಸವೆದ ಮೊಣಕಾಲಿನ ಕೀಲನ್ನು ಯಾವ ನೀರೂ ರಿಪೇರಿ ಮಾಡುವುದಿಲ್ಲ, ಪಂಪಿನ ಬೇರಿಂಗ್ ಹಾಗೆಯೇ. ಅವರನ್ನು 5,359 ಮೀಟರಿನ ಖರ್ದುಂಗ್ ಲಾ ಹತ್ತಿಸುವ ಮಾತು ಬೇಡ. ಮಳೆ ಮುಗಿದ ಮೇಲೆ ಇರ್ದೆಗೆ ಕರೆದುಕೊಂಡು ಹೋಗುತ್ತೇನೆ, ಹೊಳೆ ಬದಿ ಕೂತು ಚಾ ಕುಡಿದು ಬಂದರೆ ಅವರಿಗೆ ಅದೇ ಖುಷಿ.

ಮಾಮನ ತೋಟ ಇರುವುದು ಆ ಹೊಳೆಯ ಮೇಲ್ಭಾಗದಲ್ಲಿ. ಹಳೆಯ ಬೋರಿನಲ್ಲಿ ಕಳೆದ ಏಪ್ರಿಲ್‌ನಲ್ಲಿ ನೀರು ಕಮ್ಮಿಯಾಯಿತು. ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡುವವರು ಬಂದು ಎರಡು ಜಾಗ ತೋರಿಸಿ ಹೋಗಿದ್ದಾರೆ, ಜನವರಿಗೆ ರಿಗ್ ಬುಕ್ ಮಾಡುವ ಆಲೋಚನೆ. ಮೋಟಾರ್ ನಾನೇ ಸೋವಿಗೆ ಕೊಡಿಸಬೇಕಂತೆ. ನಾನು ಹೇಳಿದ್ದು ಇಷ್ಟು: ನವೆಂಬರಿನಲ್ಲಿ ತೋಡಿಗೆ ಕಟ್ಟ ಹಾಕುವ, ಮೇಲಿನ ಮೂರು ತೋಟದವರನ್ನು ನಾನೇ ಬಂದು ಮಾತಾಡಿಸುತ್ತೇನೆ, ಅರ್ಧ ತೋಟಕ್ಕೆ ಡ್ರಿಪ್ ಹಾಕುವ, ಒಂದು ಬೇಸಿಗೆ ನೋಡುವ. "ನಾವು ಬಿಟ್ಟರೆ ಪಕ್ಕದವರು ಹೊಡೆಸ್ತಾರೆ" ಎಂದರು ಮಾಮ. ಪಕ್ಕದವರೂ ಮಾಮನ ಬಗ್ಗೆ ಅದನ್ನೇ ಹೇಳುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು, ಹೇಳಿದೆ. ಮಾಮ ನಕ್ಕರು, ಆಗಲಿ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ನವೆಂಬರ್ ಮೊದಲ ವಾರಕ್ಕೆ ನಾನು ರಾಯಚೂರಿನಿಂದ ಬಸ್ಸಿಗೆ ಟಿಕೆಟ್ ಮಾಡಿದ್ದೇನೆ. ಇರ್ದೆ, ಬೆಟ್ಟಂಪಾಡಿ, ಪಾಣಾಜೆ ಕಡೆಯ ಯಾರಾದರೂ ಇದನ್ನು ಓದಿದ್ದರೆ, ಕಟ್ಟ ಹಾಕುವ ದಿನ ಹಾರೆ ಹಿಡಿದು ಬರುವವರಿಗೆ ಮಧ್ಯಾಹ್ನದ ಊಟ ಮಾಮನ ಮನೆಯಲ್ಲಿ. ಮಾಮನಿಗೆ ಇದನ್ನು ಇನ್ನೂ ಹೇಳಿಲ್ಲ.